ಗಾಳಿ ಬಾರದಾಗಲೂ ತೂರುವವರು

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು—ಈ ನಾಲ್ಕು ಊರುಗಳ ಸುತ್ತಣ ಸೀಮೆಯಲ್ಲಿ ಸುಗ್ಗಿಯ ಕಣವೆಂಬುದು ಬಹುಕಾಲ ಗಾಳಿಯನ್ನು ಓದುವ ಪಾಠಶಾಲೆಯಾಗಿದ್ದಿತು. ಹಾನಗಲ್ಲಿನ ಕಡೆ ಬತ್ತ, ಸವಣೂರು ಶಿಗ್ಗಾಂವಿಗಳ ಕಡೆ ಜೋಳ. ಬೆಳೆ ಯಾವುದೇ ಇರಲಿ, ತೆನೆ ತುಳಿಸಿದ ಮೇಲೆ ಉಳಿಯುವ ಕೆಲಸ ಒಂದೇ. ರೈತನು ಎತ್ತರದಲ್ಲಿ ನಿಂತು, ಗಾಳಿ ಬೀಸುವ ದಿಕ್ಕನ್ನು ನೋಡಿಕೊಂಡು, ಮೊರ ತುಂಬಿದ ಕಾಳನ್ನು ಮೆಲ್ಲಮೆಲ್ಲನೆ ಕೆಳಗೆ ಸುರಿಯುವನು. ಗಟ್ಟಿಕಾಳು ಕಾಲಬುಡದಲ್ಲಿಯೇ ರಾಶಿಯಾಗುವುದು. ಜೊಳ್ಳು ತುಸು ದೂರ ಸರಿದು ಬೀಳುವುದು. ಹೊಟ್ಟು ಇನ್ನೂ ಆಚೆಗೆ ಹಾರಿಹೋಗುವುದು. ಗಾಳಿ ನಿಂತರೆ ಕೆಲಸವೂ ನಿಂತಿತು. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಇಂತಹ ಕಣಗಳ ಮಾತು. ಈಗ ಯಂತ್ರಗಳು ಬಂದು ರಾಶಿ ಮಾಡುವ ರೀತಿ ಬಹುಮಟ್ಟಿಗೆ ಬದಲಾಗಿದೆ. ಗಾದೆ ಮಾತ್ರ ಉಳಿದಿದೆ.

ಕಾಳು, ಜೊಳ್ಳು, ಹೊಟ್ಟು ಈ ಮೂರನ್ನೂ ಬೇರ್ಪಡಿಸುವ ಗುಟ್ಟು ಯಾವುದು? ಭಾರವೊಂದೇ ಅಲ್ಲ. ಗಾಳಿಗೆ ಎದುರಾಗಿ ನಿಲ್ಲುವ ಮೈಯ ಹರವು ಎಷ್ಟು, ಆ ಮೈಯ ಹಿಂದೆ ಇರುವ ಭಾರವೆಷ್ಟು ಎಂಬ ಪ್ರಮಾಣವೇ ಆ ಗುಟ್ಟು. ಹರವು ಕಡಮೆಯಾಗಿ ಭಾರ ಹೆಚ್ಚಿದ್ದರೆ ವಸ್ತುವು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಹರವು ಹೆಚ್ಚಿ ಭಾರ ಕಡಮೆಯಾದರೆ ಗಾಳಿಗೆ ಸಿಕ್ಕಿ ತಡೆದು ನಿಲ್ಲುತ್ತದೆ. ಕಣದಲ್ಲಿ ನಿಂತ ರೈತನಿಗೆ ಕೈಯ ಅಳತೆಯಿಂದ ತಿಳಿದಿದ್ದ ಈ ಲೆಕ್ಕವನ್ನೇ ಅಂತರಿಕ್ಷಯಾನದ ಶಾಸ್ತ್ರಜ್ಞರು ಅಂಕಿಗಳಲ್ಲಿ ಬರೆದಿಟ್ಟುಕೊಂಡಿದ್ದಾರೆ. ವ್ಯತ್ಯಾಸವಿಷ್ಟೆ: ಕಣದಲ್ಲಿ ತಪ್ಪಿದರೆ ಒಂದು ಮೊರ ಕಾಳು ಹೊಟ್ಟಿನೊಡನೆ ಬೆರೆಯುತ್ತದೆ, ಅಲ್ಲಿ ತಪ್ಪಿದರೆ ಹಲವು ವರ್ಷಗಳ ದುಡಿಮೆಯೂ, ಒಮ್ಮೊಮ್ಮೆ ಮನುಷ್ಯರ ಪ್ರಾಣವೂ ಹೋಗುತ್ತದೆ.

ಅಂತರಿಕ್ಷದಲ್ಲಿ ಗಾಳಿಯೇ ಇಲ್ಲವಲ್ಲ, ಅಲ್ಲಿ ಹೋಗುವ ನೌಕೆಗೆ ಗಾಳಿಯ ಚಿಂತೆ ಏತಕ್ಕೆ ಎಂದು ಕೇಳಬಹುದು. ನಿಜ, ಆದರೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದು ಭೂಮಿಯ ವಾಯುಮಂಡಲವನ್ನು ದಾಟಲೇಬೇಕು. ಇಡೀ ಯಾತ್ರೆಯಲ್ಲಿ ಕೆಲವೇ ನಿಮಿಷಗಳ ಈ ಎರಡು ಗಡಿಗಳು ಬಲು ಕಠಿಣವಾದವು. ಅಲ್ಲಿ ಗಾಳಿ ಹೇಗೆ ತಾಕುವುದು, ಎಲ್ಲಿ ಒತ್ತುವುದು, ನೌಕೆಯನ್ನು ಯಾವ ಕಡೆಗೆ ಹೊರಳಿಸುವುದು ಎಂಬುದನ್ನು ಹಾರಿಸಿದ ಮೇಲೆ ತಿಳಿಯುತ್ತೇವೆಂದರೆ ಆಗದು. ಗಾಳಿ ಬರಲೆಂದು ಕಾಯುವಂತೆಯೂ ಇಲ್ಲ. ಆದುದರಿಂದ ನೌಕೆಯನ್ನು ಗಾಳಿಯೊಳಕ್ಕೆ ಓಡಿಸುವುದಕ್ಕೆ ಮೊದಲು, ನಿಂತ ನೌಕೆಯ ಮೇಲೆ ಗಾಳಿಯನ್ನೇ ಓಡಿಸಿ ನೋಡುವ ಉಪಾಯವನ್ನು ಮನುಷ್ಯನು ಕಂಡುಕೊಂಡನು. ಅದೇ ವಾಯುಸುರಂಗ.

ಇದರ ಕಲ್ಪನೆ ಹೊಸದೇನಲ್ಲ. ೧೮೭೧ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ವೆನ್‌ಹ್ಯಾಮ್ ಎಂಬವರು ಮೊದಲ ವಾಯುಸುರಂಗವನ್ನು ಕಟ್ಟಿದರು. ಅಮೆರಿಕದ ರೈಟ್ ಸೋದರರು ೧೯೦೧ರಲ್ಲಿ ಸುಮಾರು ಆರು ಅಡಿ ಉದ್ದದ ಮರದ ಪೆಟ್ಟಿಗೆಯೊಂದರಲ್ಲಿ ಗಾಳಿ ಹರಿಸಿ, ಸುಮಾರು ೨೦೦ ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. ಎರಡು ವರ್ಷಗಳ ತರುವಾಯ ಅವರ ವಿಮಾನವು ನೆಲ ಬಿಟ್ಟಿತು.

ಭಾರತದಲ್ಲಿ ಈ ವಿದ್ಯೆಗೆ ತವರು ಬೆಂಗಳೂರು. ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಗೆ ೧೯೫೧ರಲ್ಲಿ ಬಂದು ಸೇರಿದ ತರುಣ ಸತೀಶ್ ಧವನ್, ಶಬ್ದದ ವೇಗವನ್ನು ಮೀರಿ ಗಾಳಿ ಹರಿಯುವ ದೇಶದ ಮೊದಲ ಸುರಂಗವನ್ನು ಅಲ್ಲಿ ಕಟ್ಟಿದರು. ಗಾಳಿ ಹರಿಯುವ ಅದರ ಕಿಂಡಿ ಒಂದು ಅಂಗುಲಕ್ಕೆ ಮೂರು ಅಂಗುಲದಷ್ಟೇ. ಬೆಂಕಿಪೊಟ್ಟಣವನ್ನು ಸ್ವಲ್ಪ ಹಿಗ್ಗಿಸಿದಷ್ಟು. ಮುಂದೆ ಅವರೇ ೧೯೭೨ರಿಂದ ೧೯೮೪ರವರೆಗೆ ದೇಶದ ಅಂತರಿಕ್ಷ ಸಂಸ್ಥೆಯ ಅಧ್ಯಕ್ಷರಾಗಿದ್ದರು. ೧೯೫೯ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಬೆಂಗಳೂರಿನಲ್ಲಿ ನೆಲೆಯೂರಿ, ೧೯೬೭ರಲ್ಲಿ ೧.೨ ಮೀಟರು ಚೌಕದ ದೊಡ್ಡ ಸುರಂಗವನ್ನು ನಡೆಸತೊಡಗಿತು. ಶಬ್ದವೇಗದ ಐದನೆಯ ಒಂದು ಪಾಲಿನಿಂದ ಹಿಡಿದು ಅದರ ನಾಲ್ಕು ಪಟ್ಟಿನವರೆಗೆ ಅಲ್ಲಿ ಗಾಳಿಯನ್ನು ಹರಿಸಬಹುದು. ಎಸ್.ಎಲ್.ವಿ., ಎ.ಎಸ್.ಎಲ್.ವಿ., ಪಿ.ಎಸ್.ಎಲ್.ವಿ., ಜಿ.ಎಸ್.ಎಲ್.ವಿ. ಎಂದು ಓದುಗರು ಪತ್ರಿಕೆಗಳಲ್ಲಿ ಹೆಸರು ಕೇಳಿರುವ ರಾಕೆಟ್ಟುಗಳೆಲ್ಲ ಶ್ರೀಹರಿಕೋಟೆಯ ಆಕಾಶವನ್ನು ಕಾಣುವ ಮುನ್ನ ಪುಟ್ಟ ಪ್ರತಿಕೃತಿಗಳಾಗಿ ಈ ಸುರಂಗದ ಗಾಳಿಯನ್ನು ಉಂಡಿವೆ.

ಅಲ್ಲಿ ನಡೆಯುವುದಾದರೂ ಏನು? ಯಂತ್ರಗಳು ತೇವವಿಲ್ಲದ ಗಾಳಿಯನ್ನು ಒತ್ತಿ ಒತ್ತಿ ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ತುಂಬುತ್ತವೆ. ಬಾಯಿ ತೆರೆದೊಡನೆ ಆ ಗಾಳಿ ಮೊದಲು ಕಿರಿದಾಗಿ ಅನಂತರ ಅಗಲವಾಗುವ ಕಂಠದೊಳಗಿಂದ ನುಗ್ಗಿ, ಶಬ್ದವೇಗವನ್ನು ದಾಟಿ, ಪರೀಕ್ಷೆಯ ಕೋಣೆಗೆ ಬರುತ್ತದೆ. ಕೋಣೆಯ ನಡುವೆ ಉಕ್ಕಿನ ಸಲಾಕೆಯೊಂದರ ತುದಿಗೆ ನೌಕೆಯ ಪ್ರತಿಕೃತಿಯನ್ನು ಸಿಕ್ಕಿಸಿರುತ್ತಾರೆ. ಪ್ರತಿಕೃತಿಯ ಒಡಲೊಳಗೆ ಅಡಗಿರುವ ಸೂಕ್ಷ್ಮವಾದ ತಕ್ಕಡಿಯು ಗಾಳಿ ಅದನ್ನು ಹಿಂದಕ್ಕೆ ಎಷ್ಟು ತಳ್ಳಿತು, ಮೇಲಕ್ಕೆ ಎಷ್ಟು ಎತ್ತಿತು, ಪಕ್ಕಕ್ಕೆ ಎಷ್ಟು ಸರಿಸಿತು, ಮೂರು ದಿಕ್ಕುಗಳಲ್ಲಿ ಎಷ್ಟೆಷ್ಟು ತಿರುಚಿತು ಎಂಬ ಆರು ಬಲಗಳನ್ನೂ ಒಟ್ಟಿಗೆ ತೂಗುತ್ತದೆ. ಸಲಾಕೆಯನ್ನು ಸ್ವಲ್ಪ ಸ್ವಲ್ಪವಾಗಿ ಓರೆ ಮಾಡುತ್ತ ಪ್ರತಿಯೊಂದು ಕೋನದಲ್ಲಿಯೂ ತೂಗಬೇಕು. ತೊಟ್ಟಿಯ ಗಾಳಿ ಒಂದು ನಿಮಿಷದೊಳಗೇ ಬರಿದಾಗುತ್ತದೆ. ಮತ್ತೆ ತುಂಬುವತನಕ ಕಾಯಬೇಕು.

ಪುಟ್ಟ ಬೊಂಬೆಯು ಹೇಳಿದ್ದನ್ನು ದೊಡ್ಡ ನೌಕೆಯು ಪಾಲಿಸುವುದೇ ಎಂಬ ಸಂದೇಹ ಸಹಜವಾದುದು. ಇದಕ್ಕೆ ಸಾದೃಶ್ಯದ ನಿಯಮವೊಂದುಂಟು. ಆಕಾರವು ತದ್ರೂಪವಾಗಿದ್ದು, ವೇಗಕ್ಕೂ ಶಬ್ದವೇಗಕ್ಕೂ ಇರುವ ಪ್ರಮಾಣ ಎರಡರಲ್ಲಿಯೂ ಒಂದೇ ಆಗಿದ್ದರೆ, ಗಾಳಿಯು ಎರಡನ್ನೂ ಬಹುಮಟ್ಟಿಗೆ ಒಂದೇ ರೀತಿಯಲ್ಲಿ ನಡೆಸಿಕೊಳ್ಳುತ್ತದೆ. ಈ ಪ್ರಮಾಣಕ್ಕೆ ಮ್ಯಾಕ್ ಸಂಖ್ಯೆಯೆಂದು ಹೆಸರು. ಗಾಳಿಯ ಜಿಗುಟಿನಂತಹ ಕೆಲವು ಸಂಗತಿಗಳು ಸಣ್ಣದರಲ್ಲಿ ಒಂದು ಬಗೆ, ದೊಡ್ಡದರಲ್ಲಿ ಒಂದು ಬಗೆ. ಅವನ್ನು ಲೆಕ್ಕ ಹಾಕಿ ತಿದ್ದಿಕೊಳ್ಳಬೇಕು.

ಈ ಆರು ಬಲಗಳ ತೂಕದಿಂದ ಶಾಸ್ತ್ರಜ್ಞರು ಮುಖ್ಯವಾಗಿ ತಿಳಿಯಬಯಸುವುದು ಒಂದು ಮಾತನ್ನು: ಇದು ಸ್ಥಿರವೋ ಅಸ್ಥಿರವೋ? ಪ್ರತಿಯೊಂದು ವಸ್ತುವಿನಲ್ಲಿಯೂ ಅದರ ಭಾರವೆಲ್ಲ ಕೂಡಿ ನಿಂತಂತಿರುವ ಬಿಂದುವೊಂದುಂಟು. ಗಾಳಿಯ ಒತ್ತಡವೆಲ್ಲ ಕೂಡಿ ತಾಕಿದಂತಿರುವ ಬಿಂದು ಇನ್ನೊಂದು. ಭಾರದ ಬಿಂದು ಮುಂದೆ, ಒತ್ತಡದ ಬಿಂದು ಹಿಂದೆ ಇದ್ದರೆ, ಓರೆಯಾದ ವಸ್ತುವನ್ನು ಗಾಳಿಯೇ ಹಿಡಿದು ನೆಟ್ಟಗೆ ಮಾಡುತ್ತದೆ. ಇವು ಅದಲು ಬದಲಾದರೆ, ತುಸು ಓರೆಯಾದುದನ್ನು ಗಾಳಿ ಮತ್ತಷ್ಟು ಓರೆ ಮಾಡಿ ಕೊನೆಗೆ ಪಲ್ಟಿ ಹೊಡೆಸುತ್ತದೆ. ಬೇಡನು ಬಾಣದ ಮುಂದೆ ಕಬ್ಬಿಣದ ಅಲಗನ್ನೂ ಹಿಂದೆ ಹಕ್ಕಿಯ ಗರಿಯನ್ನೂ ಕಟ್ಟಿದ್ದು ಶೋಭೆಗಾಗಿ ಅಲ್ಲ.

ಈ ಮಾತಿನ ಬೆಲೆಯನ್ನು ಭಾರತವು ಕಷ್ಟದಿಂದಲೇ ಕಲಿಯಿತು. ೧೯೮೦ರ ಜುಲೈ ೧೮ರಂದು ಎಸ್.ಎಲ್.ವಿ.-೩ ರಾಕೆಟ್ಟು ಉಪಗ್ರಹವನ್ನು ಕಕ್ಷೆಗೆ ಸೇರಿಸಿದ ಮೇಲೆ, ಇನ್ನೂ ಹೆಚ್ಚಿನ ಭಾರ ಹೊರುವ ಎ.ಎಸ್.ಎಲ್.ವಿ. ಸಿದ್ಧವಾಯಿತು. ನಡುವಣ ರಾಕೆಟ್ಟಿನ ಎರಡು ಪಕ್ಕಗಳಿಗೆ ಎರಡು ರಾಕೆಟ್ಟುಗಳನ್ನು ಕಟ್ಟಿದ ರಚನೆ ಅದು. ಪಕ್ಕದವು ಮೊದಲು ಉರಿದು ಮುಗಿಯುವಾಗ ನಡುವಿನದು ಹೊತ್ತಿಕೊಳ್ಳಬೇಕು. ೧೯೮೭ರ ಮಾರ್ಚ್ ೨೪ರಂದು ಅದು ಹೊತ್ತಿಕೊಳ್ಳಲಿಲ್ಲ. ರಾಕೆಟ್ಟು ಸಮುದ್ರದ ಪಾಲಾಯಿತು. ೧೯೮೮ರ ಜುಲೈ ೧೩ರಂದು ಎರಡನೆಯ ಯತ್ನ. ಈ ಬಾರಿ ಪಕ್ಕದ ರಾಕೆಟ್ಟುಗಳಿಂದ ನಡುವಿನದಕ್ಕೆ ಹೊಣೆ ದಾಟುವ ಸಂಧಿಕಾಲದಲ್ಲಿ, ಹೊರಟ ಒಂದು ನಿಮಿಷದೊಳಗೇ, ರಾಕೆಟ್ಟು ಹತೋಟಿ ತಪ್ಪಿ ಮುರಿದುಬಿದ್ದಿತು.

ಆ ಕ್ಷಣವೇ ಏಕೆ? ರಾಕೆಟ್ಟು ಏರಿದಂತೆಲ್ಲ ವೇಗ ಹೆಚ್ಚುತ್ತದೆ, ಗಾಳಿ ತೆಳುವಾಗುತ್ತದೆ. ಒಂದು ಏರುತ್ತ ಇನ್ನೊಂದು ಇಳಿಯುತ್ತ ಇರುವ ಈ ಎರಡರ ನಡುವೆ ಗಾಳಿಯ ಪೆಟ್ಟು ಅತ್ಯಂತ ಬಿರುಸಾಗಿರುವ ಘಳಿಗೆಯೊಂದು ಬರುತ್ತದೆ. ಆ ಘಳಿಗೆಯ ಆಸುಪಾಸಿನಲ್ಲಿಯೇ ಒಂದು ಎಂಜಿನು ಸೋಲುತ್ತ, ಇನ್ನೊಂದು ಏಳುತ್ತ, ಹಿಡಿತವು ಸಡಿಲವಾಗಿದ್ದಿತು. ಸ್ವಭಾವತಃ ಅಸ್ಥಿರವಾದ ನೀಳದೇಹವನ್ನು ಗಾಳಿ ಓರೆ ಮಾಡಿತು. ತಿದ್ದುವ ಶಕ್ತಿ ಆಗ ಸಾಲದಾಯಿತು.

ವಿಫಲತೆಯನ್ನು ಮರೆಮಾಚದೆ, ಹೊರಗಿನ ತಜ್ಞರಿಂದಲೂ ವಿಮರ್ಶೆ ಮಾಡಿಸಲಾಯಿತು. ಆ ತಜ್ಞಮಂಡಲಿಗೆ ಅಧ್ಯಕ್ಷರಾಗಿದ್ದವರು ಆಗ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದ ರೊದ್ದಂ ನರಸಿಂಹ. ಕನ್ನಡದಲ್ಲಿ ನಕ್ಷತ್ರಲೋಕವನ್ನು ಕುರಿತು ಬರೆದು ಎರಡು ತಲೆಮಾರಿನ ಓದುಗರ ಕಣ್ಣು ತೆರೆಸಿದ ಆರ್.ಎಲ್. ನರಸಿಂಹಯ್ಯನವರ ಮಗ ಇವರು, ಧವನರ ಶಿಷ್ಯರು. ರಾಕೆಟ್ಟನ್ನು ತಿದ್ದಲಾಯಿತು. ನಡುವಿನ ಎಂಜಿನನ್ನು ಗಡಿಯಾರ ನೋಡಿ ಹೊತ್ತಿಸುವ ಬದಲು, ಪಕ್ಕದವುಗಳ ಬಲ ಕುಗ್ಗುವುದನ್ನು ಆ ಕ್ಷಣದಲ್ಲಿಯೇ ಅಳೆದು ಹೊತ್ತಿಸುವ ಏರ್ಪಾಡು ಬಂದಿತು. ಬುಡದಲ್ಲಿ ರೆಕ್ಕೆಯಂತಹ ಫಲಕಗಳನ್ನು ಜೋಡಿಸಲಾಯಿತು: ಬೇಡನ ಬಾಣದ ಗರಿಗಳೇ ಅವು. ೧೯೯೨ರ ಮೇ ೨೦ರಂದು ಮೂರನೆಯ ಎ.ಎಸ್.ಎಲ್.ವಿ. ಉಪಗ್ರಹವನ್ನು ಕಕ್ಷೆಗೆ ಮುಟ್ಟಿಸಿತು. ೧೯೯೪ರ ಮೇ ೪ರಂದು ನಾಲ್ಕನೆಯದು ಇನ್ನೂ ಚೆನ್ನಾಗಿ ಮುಟ್ಟಿಸಿತು. ಮುಂದಿನ ದೊಡ್ಡ ರಾಕೆಟ್ಟುಗಳ ಧೈರ್ಯಕ್ಕೆ ಈ ನಾಲ್ಕು ಹಾರಾಟಗಳ ಪಾಠವೇ ಅಡಿಗಲ್ಲು.

ಏರುವ ಕಥೆ ಇದಾದರೆ ಇಳಿಯುವ ಕಥೆ ಬೇರೆ. ಕಕ್ಷೆಯಿಂದ ಮರಳುವ ನೌಕೆಯ ವೇಗ ಗಂಟೆಗೆ ಸುಮಾರು ೨೮,೦೦೦ ಕಿಲೋಮೀಟರು. ಇಂತಹ ವೇಗಕ್ಕೆ ಸೂಜಿಯಂತೆ ಮೊನಚಾದ ಮೂತಿಯೇ ತಕ್ಕುದೆಂದು ಯಾರಿಗಾದರೂ ತೋಚೀತು. ಆದರೆ ಮೊನಚಾದುದು ಗಟ್ಟಿಕಾಳಿನ ಜಾತಿ: ಗಾಳಿಯನ್ನು ಸೀಳಿಕೊಂಡು ದಟ್ಟವಾದ ಕೆಳಪದರಕ್ಕೆ ಅದೇ ವೇಗದಲ್ಲಿ ಬಂದು, ತಾನೇ ಕಾದು ಕರಗಿಹೋಗುತ್ತದೆ. ೧೯೫೧ರಲ್ಲಿ ಅಮೆರಿಕದ ಜೂಲಿಯನ್ ಆಲೆನ್ ಎಂಬ ವಿಜ್ಞಾನಿ ಇದಕ್ಕೆ ವಿರುದ್ಧವಾದ ತೀರ್ಮಾನಕ್ಕೆ ಬಂದರು. ಮರಳುವ ನೌಕೆಯ ಮುಖ ಮೊಂಡಾಗಿರಬೇಕು, ಅಗಲವಾಗಿರಬೇಕು. ಅದರ ಮುಂದೆ ಗಾಳಿ ಒತ್ತರಿಸಿ ಆಘಾತದ ಅಲೆಯೊಂದು ಗುರಾಣಿಯಂತೆ ನಿಲ್ಲುತ್ತದೆ. ಕಾವಿನ ಬಹುಪಾಲು ನೌಕೆಯ ಮೈಗೆ ತಾಕದೆ ಗಾಳಿಯಲ್ಲಿಯೇ ಹರಡಿಹೋಗುತ್ತದೆ. ಹೊಟ್ಟಿನಂತೆ ಅದು ಮೇಲಿನ ತೆಳುಗಾಳಿಯಲ್ಲಿಯೇ ವೇಗವನ್ನು ಕಳೆದುಕೊಳ್ಳತೊಡಗುತ್ತದೆ. ೧೯೮೪ರ ಏಪ್ರಿಲಿನಲ್ಲಿ ರಾಕೇಶ್ ಶರ್ಮ ಅವರು ಮರಳಿದ ಸೋಯುಜ್ ನೌಕೆಯೂ, ೨೦೨೫ರ ಜುಲೈ ೧೫ರಂದು ಶುಭಾಂಶು ಶುಕ್ಲ ಅವರು ಮರಳಿದ ಡ್ರ್ಯಾಗನ್ ನೌಕೆಯೂ ಮೊಂಡುಮುಖದವೇ.

ಮುಖ ಮೊಂಡಾದರೆ ಸಾಲದು. ಆ ಮುಖವೇ ಮುಂದಾಗಿರಬೇಕು. ಕಾವನ್ನು ತಡೆಯುವ ಕವಚ ಅಲ್ಲಿ ಮಾತ್ರ ದಪ್ಪ. ೧೯೬೯ರ ಜನವರಿ ೧೮ರಂದು ರಷ್ಯದ ಬೋರಿಸ್ ವೊಲಿನೊವ್ ಎಂಬವರು ಸೋಯುಜ್-೫ರಲ್ಲಿ ಒಬ್ಬರೇ ಮರಳುತ್ತಿದ್ದರು. ಹಿಂಬದಿಯ ಯಂತ್ರಭಾಗವು ಕಳಚಿಕೊಳ್ಳಬೇಕಾಗಿದ್ದಿತು, ಕಳಚಿಕೊಳ್ಳಲಿಲ್ಲ. ಆ ಹೆಚ್ಚಿನ ಭಾರದಿಂದ ಲೆಕ್ಕವೆಲ್ಲ ತಲೆಕೆಳಗಾಗಿ, ನೌಕೆಯು ತೆಳುವಾದ ಬಾಗಿಲಿನ ಕಡೆಯನ್ನು ಬೆಂಕಿಗೆ ಒಡ್ಡಿಕೊಂಡು ಇಳಿಯತೊಡಗಿತು. ಬಾಗಿಲಿನ ಅಂಚಿನ ರಬ್ಬರು ಸುಡುವ ವಾಸನೆ ಒಳಗೆ ಬಂದಿತು. ಅಷ್ಟರಲ್ಲಿ ಬೆಂಕಿಯೇ ಬಂಧುವಾಯಿತು: ಯಂತ್ರಭಾಗವನ್ನು ಹಿಡಿದಿದ್ದ ಕಂಬಿಗಳು ಕಾದು ಮುರಿದುವು. ಹಗುರಾದ ನೌಕೆಯು, ಯಾರೂ ತಿರುಗಿಸದೆಯೇ, ತನ್ನ ಆಕಾರದ ಮತ್ತು ತೂಕದ ಹಂಚಿಕೆಯ ಬಲದಿಂದ ತಾನಾಗಿ ಹೊರಳಿ ಕವಚದ ಮುಖವನ್ನು ಮುಂದೆ ಮಾಡಿತು. ನೆಲ ಮುಟ್ಟಿದ ಪೆಟ್ಟಿಗೆ ವೊಲಿನೊವ್ ಅವರ ಹಲ್ಲುಗಳು ಮುರಿದುವು, ಪ್ರಾಣ ಉಳಿಯಿತು. ೧೯೭೬ರಲ್ಲಿ ಅವರು ಮತ್ತೆ ಗಗನಕ್ಕೆ ಹೋಗಿಬಂದರು.

ಅಂದು ಯಂತ್ರ ಕೈಕೊಟ್ಟಾಗ ಆ ಜೀವವನ್ನು ಉಳಿಸಿದ್ದು ಆಕಾರ. ಕಷ್ಟಕಾಲದಲ್ಲಿ ಮನುಷ್ಯನ ನೆರವಿಲ್ಲದೆ ತಾನೇ ನೆಟ್ಟಗಾಗುವ ಗುಣವನ್ನು ನೌಕೆಗೆ ಹುಟ್ಟುವಾಗಲೇ ಕೊಟ್ಟಿರಬೇಕು. ಕೊಟ್ಟಿದ್ದೇವೆಯೋ ಇಲ್ಲವೋ ಎಂದು ಕೇಳಿ ತಿಳಿಯುವ ಸ್ಥಳವೇ ವಾಯುಸುರಂಗ.

ಭಾರತವು ಮೂವರನ್ನು ಅಂತರಿಕ್ಷಕ್ಕೆ ಕಳುಹಿಸಿ ಮರಳಿ ತರುವ ಗಗನಯಾನದ ಯೋಜನೆಯನ್ನು ಕೈಗೊಂಡಿರುವುದರಿಂದ ಈ ಪ್ರಶ್ನೆ ಈಗ ದೂರದೇಶದ್ದಲ್ಲ. ೨೦೦೭ರ ಜನವರಿ ೨೨ರಂದು ೫೫೦ ಕಿಲೋಗ್ರಾಂ ತೂಕದ ಪುಟ್ಟ ನೌಕೆಯೊಂದನ್ನು ಕಕ್ಷೆಯಿಂದ ಬಂಗಾಳ ಕೊಲ್ಲಿಗೆ ಸುರಕ್ಷಿತವಾಗಿ ಇಳಿಸಲಾಯಿತು. ೨೦೧೪ರ ಡಿಸೆಂಬರ್ ೧೮ರಂದು ಮೂರೂವರೆ ಟನ್ನಿಗೂ ಹೆಚ್ಚು ತೂಕದ, ಯಾತ್ರಿಕರ ಕೋಣೆಯ ಆಕಾರದ ನೌಕೆಯು ಸುಮಾರು ೧೨೬ ಕಿಲೋಮೀಟರು ಎತ್ತರದಿಂದ ಇಳಿದು ಬಂದಿತು. ೨೦೧೭ರಲ್ಲಿ ತಿರುವನಂತಪುರದ ಅಂತರಿಕ್ಷ ಕೇಂದ್ರದಲ್ಲಿ, ಶಬ್ದವೇಗದ ಹಲವು ಪಟ್ಟು ರಭಸದ ಗಾಳಿಯನ್ನು ಹರಿಸುವ ಸುರಂಗಗಳು ಆರಂಭವಾದುವು. ಅವಕ್ಕೆ ಸತೀಶ್ ಧವನರ ಹೆಸರನ್ನೇ ಇಡಲಾಗಿದೆ. ೨೦೨೩ರ ಅಕ್ಟೋಬರ್ ೨೧ರಂದು, ರಾಕೆಟ್ಟು ಕೆಟ್ಟರೆ ಯಾತ್ರಿಕರನ್ನು ಎಳೆದೊಯ್ಯುವ ಪಾರುಗಾಣಿಕೆಯ ಏರ್ಪಾಡನ್ನು, ಶಬ್ದವೇಗವನ್ನು ದಾಟಿದ ಕಷ್ಟದ ಘಳಿಗೆಯಲ್ಲಿಯೇ ಪರೀಕ್ಷಿಸಿ ನೋಡಲಾಯಿತು. ಅದರ ಬುಡದಲ್ಲಿಯೂ ಜಾಲರಿಯಂತಹ ಫಲಕಗಳು ಬಿಚ್ಚಿಕೊಂಡು ಅದನ್ನು ನೆಟ್ಟಗೆ ಹಿಡಿದುವು.

ಶಿಗ್ಗಾಂವಿಯಿಂದ ಹೆದ್ದಾರಿ ಹಿಡಿದು ಹಾವೇರಿ, ರಾಣೇಬೆನ್ನೂರು, ದಾವಣಗೆರೆಗಳನ್ನು ದಾಟಿದರೆ ಚಿತ್ರದುರ್ಗ. ಅದರ ಪೂರ್ವಕ್ಕೆ ಚಳ್ಳಕೆರೆಯ ಬಯಲು. ‘ಪುಷ್ಪಕ’ವೆಂದು ಹೆಸರಾದ ರೆಕ್ಕೆಯ ನೌಕೆಯನ್ನು ಹೆಲಿಕಾಪ್ಟರಿನಲ್ಲಿ ಸುಮಾರು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಕೈಬಿಟ್ಟು, ಅದು ತಾನಾಗಿ ಬಂದು ಓಡುದಾರಿಯ ಮೇಲೆ ಇಳಿಯುವುದನ್ನು ೨೦೨೩ರ ಏಪ್ರಿಲ್ ೨ರಂದೂ, ೨೦೨೪ರಲ್ಲಿ ಎರಡು ಸಲವೂ ಆ ಬಯಲಿನಲ್ಲಿ ಪರೀಕ್ಷಿಸಲಾಯಿತು. ಕೊನೆಯ ಸಲ ಗಾಳಿಯೂ ಬಿರುಸಾಗಿದ್ದಿತು. ನೆಲ ಮುಟ್ಟಿದಾಗ ಅದರ ವೇಗ ಗಂಟೆಗೆ ೩೨೦ ಕಿಲೋಮೀಟರಿಗೂ ಹೆಚ್ಚು. ಆದರೂ ದಾರಿ ತಪ್ಪಲಿಲ್ಲ.

ಈ ಶಾಸ್ತ್ರದ ಮೊದಲ ಪಾಠವನ್ನು ಮನೆಯ ಮಕ್ಕಳೂ ಮಾಡಿ ನೋಡಬಹುದು. ಊಟದ ಮನೆಯಲ್ಲಿ ಪಾಯಸ ಬಡಿಸುವ ಎಲೆಯ ದೊನ್ನೆಯೊಂದು ಸಾಕು. ಅದರ ತಳದ ಒಳಬದಿಗೆ ಒಂದು ಸಣ್ಣ ಕಲ್ಲನ್ನು ಮೇಣದಿಂದ ಅಂಟಿಸಿ, ಮಾಳಿಗೆಯ ಮೇಲಿನಿಂದ, ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡು, ಬಾಯಿ ಕೆಳಗಾಗಿ ಬಿಡಬೇಕು. ಸಾಕಷ್ಟು ಎತ್ತರವಿದ್ದರೆ ದೊನ್ನೆ ಗಾಳಿಯಲ್ಲಿ ಹೊರಳಿ, ತಳವನ್ನು ಮುಂದೆ ಮಾಡಿಕೊಂಡು ಇಳಿಯುವುದು. ಕಲ್ಲನ್ನು ತೆಗೆದು ಅಂಚಿನ ಒಂದು ಬದಿಗೆ ಅಂಟಿಸಿದರೆ ದೊನ್ನೆ ಓರೆಯಾಗಿ ಓಲಾಡುತ್ತ ಬೀಳುವುದು. ಎಲೆಯೂ ಒಂದೇ, ಕಲ್ಲೂ ಒಂದೇ. ಕಲ್ಲಿನ ಜಾಗ ಮಾತ್ರ ಬೇರೆ. ವೊಲಿನೊವ್ ಅವರ ಪ್ರಾಣ ನಿಂತಿದ್ದು ಈ ವ್ಯತ್ಯಾಸದ ಮೇಲೆಯೇ. ಮುಂದೊಂದು ದಿನ ಮೂವರು ಭಾರತೀಯರನ್ನು ಹೊತ್ತ ನೌಕೆಯು ಬೆಂಕಿಯ ಅಲೆಯೊಳಗಿಂದ ಸಮುದ್ರದ ಕಡೆಗೆ ಇಳಿಯುವಾಗ, ಅದರ ಭಾರದ ಬಿಂದು ಎಲ್ಲಿರಬೇಕೆಂಬುದು ಬೊಂಬೆಯಷ್ಟು ದೊಡ್ಡ ಪ್ರತಿಕೃತಿಯಿಂದ, ನಿಮಿಷವೂ ಬಾಳದ ಗಾಳಿಯಲ್ಲಿ, ಮೊದಲೇ ಕೇಳಿ ತಿಳಿದ ಸಂಗತಿಯಾಗಿರುತ್ತದೆ.